ಕಂಪ್ಯೂಟರ್ ಕುಸಿಯುವ ಕೊನೆಯ ಕ್ಷಣ: ಉಳಿದ ಕೋರ್‌ಗಳನ್ನು ನಿಲ್ಲಿಸುವುದು ಯಾಕಿಷ್ಟು ಕಷ್ಟ?

2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಒಂದು ಬದಲಾವಣೆ ಪ್ರಕಟಿಸಿತು. ವಿಂಡೋಸ್ ಕುಸಿದಾಗ ಕಾಣುತ್ತಿದ್ದ ನೀಲಿ ಪರದೆ ಹೋಗಿ ಕಪ್ಪು ಪರದೆ ಬರುತ್ತದೆ ಅಂತ. ಎಲ್ಲ ಕಡೆ ಸುದ್ದಿಯಾದದ್ದು ಬಣ್ಣವೇ. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು. ಕ್ರ್ಯಾಶ್ ಡಂಪ್ ತೆಗೆಯುವ ಕೆಲಸವನ್ನು ಸುಧಾರಿಸಲಾಗಿದೆ, ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಹೆಚ್ಚಿನವರಿಗೆ ಇದರಿಂದಾಗುವ ತಡೆ ಸುಮಾರು 2 ಸೆಕೆಂಡಿಗೆ ಇಳಿಯುತ್ತದೆ ಅನ್ನುವುದು.

ಗೊಂದಲ ಶುರುವಾಗುವುದು ಇಲ್ಲೇ. ಡಂಪ್ ಅಂದರೇನು? ಕೆಟ್ಟು ನಿಂತ ಯಂತ್ರ ತಕ್ಷಣ ರೀಸ್ಟಾರ್ಟ್ ಆಗದೆ ಇಷ್ಟು ವರ್ಷ ಪರದೆಯ ಮೇಲೆ ಶೇಕಡಾವಾರು ಲೆಕ್ಕ ತೋರಿಸುತ್ತಾ ಏನು ಮಾಡುತ್ತಿತ್ತು? ಆ ಹೊತ್ತನ್ನು ಕಡಿಮೆ ಮಾಡಿದರೆ ಏನಾದರೂ ಕಳೆದುಕೊಳ್ಳುತ್ತೇವಾ? ಇದಕ್ಕೆ ಉತ್ತರ ಬೇಕಿದ್ದರೆ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ (ಇಡೀ ಯಂತ್ರವನ್ನು ನಡೆಸುವ ಅದರ ತಿರುಳು) ಒಳಗೆ ಆ ಕೊನೆಯ ಕ್ಷಣಗಳಲ್ಲಿ ಏನಾಗುತ್ತದೆ ಅಂತ ನೋಡಬೇಕು. ಅಲ್ಲಿ ದೊಡ್ಡ ತಲೆನೋವು ಡಂಪ್ ಬರೆಯುವುದಲ್ಲ. ಬರೆಯುವ ಮೊದಲು ಉಳಿದ ಕೋರ್‌ಗಳನ್ನೆಲ್ಲ, ಅಂದರೆ ಪ್ರೊಸೆಸರಿನಲ್ಲಿ ಒಟ್ಟಿಗೆ ಕೆಲಸ ಮಾಡುವ ಘಟಕಗಳನ್ನೆಲ್ಲ, ನಿಲ್ಲಿಸುವುದು.

ಡಂಪ್ ಇಲ್ಲದಿದ್ದರೆ ಊಹೆಯೇ ಗತಿ

2024ರ ಜುಲೈ 19ನ್ನು ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಸಾಫ್ಟ್‌ವೇರಿಗೆ ಬಂದ ಒಂದು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ಕುಸಿದವು. ಮೈಕ್ರೋಸಾಫ್ಟ್ ಲೆಕ್ಕದ ಪ್ರಕಾರ ಸುಮಾರು 85 ಲಕ್ಷ ಯಂತ್ರಗಳು. ಬೆಂಗಳೂರೂ ಸೇರಿದಂತೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ನಿಂತುಹೋಯಿತು. ದೇಶದ ಕೆಲವು ಕಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು.

ಆವತ್ತೇ ಜಾಲತಾಣಗಳಲ್ಲಿ ಕಾರಣಗಳು ಹರಿದಾಡತೊಡಗಿದವು. ಬಹಳ ಜನ ನಂಬಿದ್ದು ಒಂದನ್ನು. ಮೆಮೊರಿಯ ಖಾಲಿ ವಿಳಾಸವನ್ನು ಪರೀಕ್ಷಿಸದೆ ಓದಿದ್ದಾರೆ, ಎಳಸು ತಪ್ಪು ಅಂತ. ಕೆಲವು ದಿನಗಳ ನಂತರ ಮೈಕ್ರೋಸಾಫ್ಟ್ ತನಗೆ ಬಂದ ಕ್ರ್ಯಾಶ್ ಡಂಪ್‌ಗಳನ್ನು ಬಿಡಿಸಿ ತೋರಿಸಿತು. ಆರ್8 ಎಂಬ ರಿಜಿಸ್ಟರ್‌ನಲ್ಲಿದ್ದ (ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹ ಜಾಗ) ವಿಳಾಸದಿಂದ ಓದಲು ಹೋದಾಗ ಕ್ರೌಡ್‌ಸ್ಟ್ರೈಕ್‌ನ ಡ್ರೈವರ್, ಅಂದರೆ ಕರ್ನಲ್ ಒಳಗೆ ಓಡುವ ಅದರ ಭಾಗ, ಬಿದ್ದಿತ್ತು. ಓದುವ ಮೊದಲು ವಿಳಾಸ ಖಾಲಿಯಾ ಅಂತ ಪರೀಕ್ಷೆಯೂ ನಡೆದಿತ್ತು. ವಿಳಾಸ ಖಾಲಿಯಾಗಿರಲಿಲ್ಲ, ತಪ್ಪಾಗಿತ್ತು. 20 ಮಾಹಿತಿ ಇರುವ ಕಡೆ 21ನೆಯದನ್ನು ಓದಲು ಹೋದದ್ದು ಮೂಲ ಕಾರಣ ಅಂತ ಕ್ರೌಡ್‌ಸ್ಟ್ರೈಕ್ ತನ್ನ ವರದಿಯಲ್ಲಿ ಒಪ್ಪಿಕೊಂಡಿತು.

ಒಂದು ರಿಜಿಸ್ಟರಿನಲ್ಲಿದ್ದ ಸಂಖ್ಯೆ, ಅದರ ಹಿಂದಿನ ಎರಡು ಮೂರು ಸೂಚನೆ. ಅಷ್ಟರಲ್ಲಿ ವದಂತಿ ಬಿದ್ದುಹೋಯಿತು. ಡಂಪ್ ಮಾಡುವ ಕೆಲಸ ಇದು. ಕುಸಿದ ಕ್ಷಣದಲ್ಲಿ ಮೆಮೊರಿಯಲ್ಲಿ ಏನಿತ್ತು, ಪ್ರತಿ ಕೋರ್ ಯಾವ ಸೂಚನೆಯ ಮೇಲಿತ್ತು ಅನ್ನುವುದನ್ನು ಇದ್ದ ಹಾಗೆ ಹಿಡಿದಿಡುವುದು. ಪೊಲೀಸರು ಸ್ಥಳ ಮಹಜರು ಮಾಡುವ ಮೊದಲು ಯಾರೂ ಏನನ್ನೂ ಮುಟ್ಟಬಾರದು ಅನ್ನುತ್ತಾರಲ್ಲ, ಇಲ್ಲಿಯೂ ಅದೇ ಮಾತು. ಮುಟ್ಟುವವರು ಮಾತ್ರ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮುಟ್ಟುತ್ತಿರುತ್ತಾರೆ.

ಒಂದು ಕೋರ್ ಬಿದ್ದರೂ ಉಳಿದವು ಓಡುತ್ತಲೇ ಇರುತ್ತವೆ

64 ಕೋರ್ ಇರುವ ಒಂದು ಸರ್ವರ್ ಅಂದುಕೊಳ್ಳಿ. 17ನೇ ಕೋರ್‌ನಲ್ಲಿ ಓಡುತ್ತಿದ್ದ ಥ್ರೆಡ್, ಅಂದರೆ ಪ್ರೋಗ್ರಾಮಿನ ಕೆಲಸದ ಒಂದು ಎಳೆ, ಇರಬಾರದ ವಿಳಾಸ ಮುಟ್ಟಿತು. ಕರ್ನಲ್ ಇನ್ನು ಮುಂದುವರಿದರೆ ಡೇಟಾ ಹಾಳಾಗಬಹುದು ಅಂತ ನಿರ್ಧರಿಸಿತು. ಲಿನಕ್ಸ್‌ನಲ್ಲಿ ಇದಕ್ಕೆ ಪ್ಯಾನಿಕ್ ಅನ್ನುತ್ತಾರೆ, ವಿಂಡೋಸ್‌ನಲ್ಲಿ ಬಗ್ ಚೆಕ್.

ಈ ವಿಷಯ ಇನ್ನೂ 17ನೇ ಕೋರಿಗೆ ಮಾತ್ರ ಗೊತ್ತು. 5ನೇ ಕೋರ್ ಒಂದು ಪಟ್ಟಿಯಿಂದ ನಡುವಿನ ಕೊಂಡಿ ಕಳಚುತ್ತಿದೆ, ಅರ್ಧ ಕೆಲಸ ಮುಗಿದಿದೆ. 40ನೆಯದು ಡಿಸ್ಕಿಗೆ ಬರೆಯುತ್ತಿದೆ. 23ನೆಯದು ಕನ್ಸೋಲಿಗೆ, ಅಂದರೆ ಯಂತ್ರದ ಸಂದೇಶಗಳು ಕಾಣುವ ಪರದೆಗೆ, ಬರೆಯಲು ಲಾಕ್ (ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಹಕ್ಕು) ಹಿಡಿದು ಕೂತಿದೆ. ಈ ಹೊತ್ತಲ್ಲಿ 17ನೇ ಕೋರ್ ಸುಮ್ನೆ ಮೆಮೊರಿಯನ್ನು ಮೊದಲಿಂದ ಕೊನೆಯವರೆಗೆ ಬರೆಯತೊಡಗಿದರೆ ಪಟ್ಟಿಯ ತಲೆ ಒಂದು ಗಳಿಗೆಯದ್ದು, ಬಾಲ ಇನ್ನೊಂದು ಗಳಿಗೆಯದ್ದು ಆಗುತ್ತದೆ. ಆಮೇಲೆ ಅದನ್ನು ಓದುವ ಎಂಜಿನಿಯರ್ ಎಂದೂ ಇರದಿದ್ದ ಒಂದು ಸ್ಥಿತಿಯನ್ನು ನೋಡುತ್ತಾ ಇಲ್ಲದ ದೋಷ ಹುಡುಕುತ್ತಾನೆ.

ಇನ್ನೂ ಕೆಟ್ಟದ್ದೂ ಆಗಬಹುದು. 17ರಲ್ಲಿ ದೋಷ ಹುಟ್ಟಿಸಿದ ಹಾಳಾದ ಡೇಟಾವನ್ನೇ 31ನೆಯ ಕೋರೂ ಮುಟ್ಟಿ ಅದೂ ಪ್ಯಾನಿಕ್ ಆಗಬಹುದು. ಇಬ್ಬರೂ ಒಟ್ಟಿಗೆ ಡಂಪ್ ಬರೆಯಲು ಹೊರಟರೆ ಎರಡೂ ಹಾಳು. ಲಿನಕ್ಸ್ ಇದನ್ನು ತಡೆಯಲು ಒಂದೇ ಒಂದು ಸಂಖ್ಯೆ ಇಟ್ಟುಕೊಂಡಿದೆ. ಪ್ಯಾನಿಕ್ ಆದ ಕೋರ್ ಯಾವುದು ಅನ್ನುವ ಸಂಖ್ಯೆ. ಅದು ಖಾಲಿ ಇದ್ದರೆ ಮಾತ್ರ ತನ್ನ ಸಂಖ್ಯೆ ಬರೆಯಬೇಕು, ನೋಡುವುದೂ ಬರೆಯುವುದೂ ಬಿಡಿಸಲಾಗದ ಒಂದೇ ಹೆಜ್ಜೆಯಲ್ಲಿ ಆಗಬೇಕು. ಮೊದಲು ಬರೆದವರು ಮುಂದೆ ಹೋಗುತ್ತಾರೆ. ತಡವಾಗಿ ಬಂದ ಕೋರ್ ತನ್ನಷ್ಟಕ್ಕೆ ಒಂದು ಕೊನೆಯಿಲ್ಲದ ಲೂಪ್‌ನಲ್ಲಿ ನಿಂತುಬಿಡುತ್ತದೆ.

ಇಲ್ಲಿ ಸಾಮಾನ್ಯ ಲಾಕ್ ಬಳಸಿಲ್ಲ ಅನ್ನುವುದನ್ನು ಗಮನಿಸಿ. ಲಾಕ್ ಅಂದರೆ ಇನ್ನೊಬ್ಬರು ಬಿಟ್ಟುಕೊಡುತ್ತಾರೆ ಅನ್ನುವ ನಂಬಿಕೆ. ಕುಸಿದ ಕರ್ನಲ್‌ನಲ್ಲಿ ಮೊದಲು ಹೋಗುವುದು ಆ ನಂಬಿಕೆಯೇ.

ಒಂದೇ ಪ್ರೋಗ್ರಾಂ ಕುಸಿದಾಗ ಕಥೆ ಬೇರೆ

ಹಲವು ಥ್ರೆಡ್ ಇರುವ ಒಂದು ಪ್ರೋಗ್ರಾಂ ಮಾತ್ರ ಕುಸಿದರೂ ಡಂಪ್ ತೆಗೆಯುತ್ತಾರೆ, ಅದಕ್ಕೆ ಕೋರ್ ಡಂಪ್ ಎಂದು ಹೆಸರು (ಈ ಕೋರ್ ಪ್ರೊಸೆಸರಿನ ಕೋರ್ ಅಲ್ಲ). ಅಲ್ಲಿಯೂ ಉಳಿದ ಥ್ರೆಡ್‌ಗಳನ್ನು ನಿಲ್ಲಿಸಲೇಬೇಕು. ಲಿನಕ್ಸ್ ಆ ಥ್ರೆಡ್‌ಗಳಿಗೆಲ್ಲ ಕೊಲ್ಲುವ ಸಿಗ್ನಲ್ ಕಳಿಸುತ್ತದೆ, ಎಷ್ಟು ಥ್ರೆಡ್ ಬಾಕಿ ಇವೆ ಅಂತ ಎಣಿಸಿಟ್ಟುಕೊಳ್ಳುತ್ತದೆ, ಕೊನೆಯದು ಬಂದು ನಿಂತ ಮೇಲೆ ಬರೆಯಲು ಶುರು ಮಾಡುತ್ತದೆ. ಅವಸರವಿಲ್ಲ. ಯಾಕೆಂದರೆ ಕಾಯುತ್ತಿರುವ ಕರ್ನಲ್ ಆರೋಗ್ಯವಾಗಿದೆ. ಒಂದು ಥ್ರೆಡ್ ಎಚ್ಚರಿಸಲಾಗದ ನಿದ್ದೆಯಲ್ಲಿ ಸಿಕ್ಕಿಕೊಂಡಿದ್ದರೆ, ಉದಾಹರಣೆಗೆ ಉತ್ತರ ಕೊಡದ ನೆಟ್‌ವರ್ಕ್ ಡಿಸ್ಕಿಗಾಗಿ ಕಾಯುತ್ತಿದ್ದರೆ, ಡಂಪ್ ಅಲ್ಲೇ ನಿಂತಿರುತ್ತದೆ. ಕಿರಿಕಿರಿ ನಿಜ, ಆದರೆ ಯಂತ್ರದ ಉಳಿದ ಕೆಲಸ ನಡೆದಿರುತ್ತದೆ.

ಕರ್ನಲ್ಲೇ ಕುಸಿದಾಗ ಈ ಸೌಕರ್ಯ ಇಲ್ಲ. ಥ್ರೆಡ್‌ಗಳಿಗೆ ಸರದಿ ಕೊಡುವ ಶೆಡ್ಯೂಲರ್, ಕಾಯಲು ಬೇಕಾದ ಟೈಮರ್, ಮೆಮೊರಿ ಕೊಡುವ ಭಾಗ, ಇವೆಲ್ಲ ಈಗ ಅನುಮಾನದ ಪಟ್ಟಿಯಲ್ಲಿವೆ. ಹೀಗಾಗಿ ಒಂದು ಹಂತದ ನಂತರ ಕಾಯುವುದನ್ನು ಬಿಡಲೇಬೇಕು.

ಒಂದು ಸೆಕೆಂಡಿನ ಗಡುವು

ಉಳಿದ ಕೋರ್‌ಗಳನ್ನು ನಿಲ್ಲಿಸುವ ಸಭ್ಯ ದಾರಿ ಅಂದರೆ ಒಂದು ಕೋರಿಂದ ಇನ್ನೊಂದಕ್ಕೆ ಇಂಟರಪ್ಟ್, ಅಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಇತ್ತ ನೋಡು ಅನ್ನುವ ಸಂಕೇತ, ಕಳಿಸುವುದು. ಇದರಲ್ಲಿ ಒಂದು ತೊಂದರೆ ಇದೆ. ಕರ್ನಲ್‌ನ ಸೂಕ್ಷ್ಮ ಭಾಗಗಳಲ್ಲಿ ಕೋರ್‌ಗಳು ಇಂಟರಪ್ಟ್‌ಗೆ ಕಿವಿ ಮುಚ್ಚಿಕೊಂಡಿರುತ್ತವೆ. ಲಾಕಿಗಾಗಿ ಸುತ್ತುತ್ತಾ ಸಿಕ್ಕಿಬಿದ್ದ ಕೋರ್ ಅಂತೂ ಕೇಳಿಸಿಕೊಳ್ಳುವುದೇ ಇಲ್ಲ. ಪ್ಯಾನಿಕ್ ಆಗುವ ಯಂತ್ರಗಳಲ್ಲಿ ಇಂಥ ಕೋರ್‌ಗಳೇ ಜಾಸ್ತಿ ಇರುವ ಸಾಧ್ಯತೆ ಇದೆ, ಅಲ್ವಾ?

ಹಾಗಾಗಿ ಎನ್‌ಎಂಐ ಬೇಕಾಗುತ್ತದೆ. ಅಂದರೆ ಯಾವ ಕೋರೂ ಮುಚ್ಚಿಡಲಾಗದ ಇಂಟರಪ್ಟ್. ಇಂಟೆಲ್, ಎಎಂಡಿ ಚಿಪ್‌ಗಳಲ್ಲಿ ಲಿನಕ್ಸ್ ಡಂಪ್‌ಗಾಗಿ ಇದನ್ನೇ ಕಳಿಸುತ್ತದೆ. ಸಿಕ್ಕಿದ ಕೂಡಲೇ ಪ್ರತಿ ಕೋರ್ ತನ್ನ ರಿಜಿಸ್ಟರ್‌ಗಳನ್ನು ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಬರೆದಿಡುತ್ತದೆ, ಇನ್ನೂ ನಿಲ್ಲಬೇಕಾದ ಕೋರ್‌ಗಳ ಲೆಕ್ಕದಿಂದ ಒಂದು ಕಳೆಯುತ್ತದೆ, ನಿಲ್ಲುತ್ತದೆ. ಲೆಕ್ಕ ಸೊನ್ನೆಗೆ ಬರುವವರೆಗೆ ಪ್ಯಾನಿಕ್ ಆದ ಕೋರ್ ಕಾಯುತ್ತದೆ, ಆದರೆ ಹೆಚ್ಚೆಂದರೆ 1 ಸೆಕೆಂಡು. ಅಷ್ಟರೊಳಗೆ ಯಾರಾದರೂ ಬರದಿದ್ದರೆ ಅವರನ್ನು ಬಿಟ್ಟು ಮುಂದೆ ಹೋಗುತ್ತದೆ. ಆರ್ಮ್ ಚಿಪ್‌ಗಳಲ್ಲಿ ಇಂಥ ಇಂಟರಪ್ಟ್ ಬಹುಕಾಲ ಇರಲೇ ಇಲ್ಲ. 2019ರ ಸುಮಾರಿಗೆ ಲಿನಕ್ಸ್ ಅದನ್ನು ಇಂಟರಪ್ಟ್ ಆದ್ಯತೆಗಳ ಮೂಲಕ ಅನುಕರಿಸಲು ಶುರು ಮಾಡಿತು.

ಈ 1 ಸೆಕೆಂಡು ಒಂದು ರಾಜಿ. ಹಾರ್ಡ್‌ವೇರ್ ಮಟ್ಟದಲ್ಲೇ ಸಿಕ್ಕಿಕೊಂಡ ಕೋರ್ ಎನ್‌ಎಂಐಗೂ ಓಗೊಡದಿರಬಹುದು. ಆಗ ಅದರ ರಿಜಿಸ್ಟರ್‌ಗಳು ಡಂಪ್‌ನಲ್ಲಿ ಇರುವುದಿಲ್ಲ. ವಿಪರ್ಯಾಸ ಏನೆಂದರೆ ಎಂಜಿನಿಯರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಆ ಒಂದು ಕೋರಿನ ಸ್ಥಿತಿಯೇ. ಆದರೂ ಎಂದೆಂದಿಗೂ ಕಾಯುವುದಕ್ಕಿಂತ 63 ಕೋರ್‌ಗಳ ಮಾಹಿತಿ ಸಿಗುವುದು ವಾಸಿ. ಕಾಯುತ್ತಾ ಕುಳಿತರೆ ಡಂಪೂ ಇಲ್ಲ, ಸರ್ವರೂ ಏಳುವುದಿಲ್ಲ.

ನಿಂತವರ ಕೈಯಲ್ಲಿ ಉಳಿದ ಲಾಕ್‌ಗಳು

ಎಲ್ಲರೂ ನಿಂತರು ಅಂತಲೇ ಇಟ್ಟುಕೊಳ್ಳೋಣ. ಹೊಸ ಸಮಸ್ಯೆ ಆ ನಿಲ್ಲಿಸಿದ್ದರಿಂದಲೇ ಹುಟ್ಟುತ್ತದೆ. 23ನೇ ಕೋರ್ ಕನ್ಸೋಲ್ ಲಾಕ್ ಹಿಡಿದಿತ್ತಲ್ಲ, ಅದನ್ನು ಹಿಡಿದುಕೊಂಡೇ ನಿಂತಿದೆ. ಇನ್ನು ಬಿಡುವುದಿಲ್ಲ. ಪ್ಯಾನಿಕ್ ಆದ ಕೋರ್ "ಯಾಕೆ ಕುಸಿದೆ" ಅಂತ ಪರದೆಯ ಮೇಲೆ ಬರೆಯಲು ಅದೇ ಲಾಕ್ ಕೇಳಿದರೆ ಅದೂ ಅಲ್ಲೇ ಹೆಪ್ಪುಗಟ್ಟುತ್ತದೆ.

ಇದಕ್ಕೆ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಫ್ರೀಬಿಎಸ್‌ಡಿ ಪ್ಯಾನಿಕ್ ಆದ ಮೇಲೆ ಶೆಡ್ಯೂಲರನ್ನೇ ನಿಲ್ಲಿಸಿ, ಲಾಕ್ ಕೇಳುವ ಕೋಡ್ ಕೇಳಿದಂತೆ ಮಾಡಿ ಮುಂದೆ ಹೋಗುವ ಹಾಗೆ ಮಾಡುತ್ತದೆ. ಒಂದೇ ಕೋರ್ ಓಡುತ್ತಿರುವಾಗ ಲಾಕ್ ಯಾರಿಂದ ಕಾಪಾಡಬೇಕು? ಆದರೆ ಆ ಲಾಕ್ ಕಾಯುತ್ತಿದ್ದ ಡೇಟಾ ಅರ್ಧಂಬರ್ಧ ಬದಲಾಗಿರಬಹುದು, ಆ ಅಪಾಯ ಉಳಿಯುತ್ತದೆ. ವಿಂಡೋಸ್ ಇನ್ನೂ ಕಟ್ಟುನಿಟ್ಟು. ಬಗ್ ಚೆಕ್ ಸಮಯದಲ್ಲಿ ಡ್ರೈವರ್‌ಗಳು ತಮ್ಮ ಕೊನೆಯ ಮಾತು ಹೇಳಲು ಅವಕಾಶ ಕೊಡುತ್ತದೆ, ಆದರೆ ಅಲ್ಲಿ ಹೊಸ ಮೆಮೊರಿ ಕೇಳುವಂತಿಲ್ಲ, ಯಾವುದೇ ಲಾಕ್ ಬಳಸುವಂತಿಲ್ಲ ಅಂತ ನಿಯಮವೇ ಇದೆ.

ಲಿನಕ್ಸ್ ಈ ಗಂಟನ್ನು ಬಿಡಿಸಲು ವರ್ಷಗಟ್ಟಲೆ ತೆಗೆದುಕೊಂಡಿತು. ಕನ್ಸೋಲಿಗೆ ಬರೆಯುವ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕಾಯಿತು. ಹೊಸ ವಿನ್ಯಾಸದಲ್ಲಿ ಕನ್ಸೋಲಿನ ಒಡೆತನಕ್ಕೆ ಆದ್ಯತೆ ಇದೆ. ಪ್ಯಾನಿಕ್ ಆದ ಕೋರ್ ಬಂದರೆ ಇದ್ದವರು ಸುರಕ್ಷಿತ ಹಂತದಲ್ಲಿ ಬಿಟ್ಟುಕೊಡಬೇಕು. ಬಿಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಕೊನೆಯ ಉಪಾಯವಾಗಿ ಕಿತ್ತುಕೊಳ್ಳಬಹುದು. ರಿಯಲ್ ಟೈಮ್ ಲಿನಕ್ಸ್ (ನಿಗದಿತ ಗಡುವಿನೊಳಗೆ ಉತ್ತರಿಸಲೇಬೇಕಾದ ಯಂತ್ರಗಳಿಗಾಗಿ ಕಟ್ಟಿದ ಲಿನಕ್ಸ್) ಮುಖ್ಯ ಕರ್ನಲ್‌ಗೆ ಸೇರಲು ಬಾಕಿ ಉಳಿದ ದೊಡ್ಡ ಅಡ್ಡಿಯೇ ಇದಾಗಿತ್ತು. ಕೊನೆಗೆ 2024ರ 6.12 ಆವೃತ್ತಿಯಲ್ಲಿ ಸೇರಿತು. ಒಂದು ಸಾಲು ಅಚ್ಚು ಮಾಡುವ ಕೆಲಸ ಇಷ್ಟು ಎಳೆಯಿತಾ ಅನ್ನಿಸಬಹುದು. ಆದರೆ ಹೆಪ್ಪುಗಟ್ಟಿದ ಸರ್ವರಿನಿಂದ ಆಚೆ ಬರುವ ಒಂದೇ ಸಾಕ್ಷಿ ಆ ಸಾಲಾಗಿರುವ ದಿನಗಳು ಬಹಳ.

ಡಂಪ್ ಬರೆಯುವುದು ಯಾರು?

ಈಗ ಬರೆಯುವ ಪ್ರಶ್ನೆ. ಫೈಲ್ ಸಿಸ್ಟಮ್ ನಂಬುವಂತಿಲ್ಲ. ಮಾಮೂಲಿ ಡಿಸ್ಕ್ ಡ್ರೈವರ್ ಕೂಡ ಯಾವುದೋ ಲಾಕ್ ಹಿಡಿದಿರಬಹುದು, ದೋಷ ಅದರಲ್ಲೇ ಇರಲೂಬಹುದು.

ವಿಂಡೋಸ್ ಇದಕ್ಕಾಗಿ ಡಿಸ್ಕ್ ಡ್ರೈವರಿನ ಇನ್ನೊಂದು ಪ್ರತಿಯನ್ನು ಬೂಟ್ ಆಗುವಾಗಲೇ ಬದಿಗಿಟ್ಟಿರುತ್ತದೆ. ಪೇಜ್‌ಫೈಲ್ (ಮೆಮೊರಿ ಸಾಲದಾದಾಗ ಬಳಸುವ ಫೈಲ್) ಡಿಸ್ಕಿನ ಯಾವ ಯಾವ ಜಾಗದಲ್ಲಿದೆ ಅಂತ ಮೊದಲೇ ಗುರುತು ಹಾಕಿಕೊಂಡಿರುತ್ತದೆ. ಕುಸಿದಾಗ ಆ ಪ್ರತಿಯನ್ನು ಎಬ್ಬಿಸಿ, ಫೈಲ್ ಸಿಸ್ಟಮನ್ನು ಮುಟ್ಟದೆ ನೇರ ಆ ಜಾಗಕ್ಕೆ ಬರೆಯುತ್ತದೆ. ಮತ್ತೆ ಬೂಟ್ ಆದ ಮೇಲೆ ಅದನ್ನು ಎತ್ತಿ ಡಂಪ್ ಫೈಲ್ ಮಾಡುತ್ತದೆ. ಅಂದರೆ ಬಿದ್ದ ಕರ್ನಲ್ಲೇ ತನ್ನ ಡಂಪ್ ಬರೆಯುತ್ತದೆ, ತೀರಾ ಕಡಿಮೆ ಸಲಕರಣೆಯಲ್ಲಿ.

ಲಿನಕ್ಸ್‌ನ ಕೆಡಂಪ್ ಇನ್ನೊಂದು ತುದಿಯಿಂದ ಯೋಚಿಸಿತು. ಬಿದ್ದವನ ಕೈಯಲ್ಲಿ ಬರೆಸುವುದೇ ಬೇಡ ಅಂತ. 2005ರಲ್ಲಿ 2.6.13 ಆವೃತ್ತಿಯೊಂದಿಗೆ ಇದು ಕರ್ನಲ್ ಸೇರಿತು. ಇದನ್ನು ಕಟ್ಟಿದವರಲ್ಲಿ ಐಬಿಎಂನ ಭಾರತದ ಎಂಜಿನಿಯರ್‌ಗಳೂ ಇದ್ದರು. ಬೂಟ್ ಆಗುವಾಗಲೇ ಒಂದಿಷ್ಟು ಮೆಮೊರಿ, 256 ಎಂಬಿ ಅನ್ನಿ, ತೆಗೆದಿಟ್ಟು ಅದರಲ್ಲಿ ಇನ್ನೊಂದು ಪೂರ್ತಿ ಕರ್ನಲ್ ಮಲಗಿಸಿರುತ್ತಾರೆ. ಪ್ಯಾನಿಕ್ ಆದಾಗ ಹಳೆಯ ಕರ್ನಲ್ ಉಳಿದ ಕೋರ್‌ಗಳನ್ನು ನಿಲ್ಲಿಸಿ ನೇರ ಹೊಸದಕ್ಕೆ ಹಾರುತ್ತದೆ. ಹೊಸ ಕರ್ನಲ್‌ಗೆ ತನ್ನದೇ ಡ್ರೈವರ್, ತನ್ನದೇ ಲಾಕ್. ಅದು ಹಳೆಯ ಮೆಮೊರಿಯನ್ನು ಆರಾಮಾಗಿ ಓದಿ ಉಳಿಸುತ್ತದೆ.

ಪ್ರತ್ಯೇಕ ಜಾಗ ಯಾಕೆ ಅನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ. ಕೋರ್‌ಗಳೆಲ್ಲ ನಿಂತರೂ ನೆಟ್‌ವರ್ಕ್ ಕಾರ್ಡ್ ನಿಂತಿರುವುದಿಲ್ಲ. ಅದಕ್ಕೆ ಹಿಂದೆ ತೋರಿಸಿದ ವಿಳಾಸಕ್ಕೆ ಬಂದ ಪ್ಯಾಕೆಟ್‌ಗಳನ್ನು ಸುರಿಯುತ್ತಲೇ ಇರುತ್ತದೆ. ಪ್ರೊಸೆಸರಿನ ಅಪ್ಪಣೆ ಅದಕ್ಕೆ ಬೇಕಿಲ್ಲ. ಬದಿಗಿಟ್ಟ ಮೆಮೊರಿಯನ್ನು ಹಳೆಯ ಕರ್ನಲ್ ಯಾವ ಸಾಧನಕ್ಕೂ ಕೊಟ್ಟಿರುವುದಿಲ್ಲವಾದ್ದರಿಂದ ಹೊಸ ಕರ್ನಲ್ ಅಲ್ಲಿ ಬದುಕುತ್ತದೆ. ಕೋರ್‌ಗಳನ್ನು ನಿಲ್ಲಿಸಿದರೆ ಎಲ್ಲ ನಿಂತಂತೆ ಅಂದುಕೊಳ್ಳುವವರು ಈ ಭಾಗವನ್ನು ಮರೆಯುತ್ತಾರೆ.

ಹಾರುವ ಮೊದಲು ಎಷ್ಟು ಕೆಲಸ?

ಲಿನಕ್ಸ್ ಬಳಗದಲ್ಲಿ ಇನ್ನೂ ಬಗೆಹರಿಯದ ವಾದ ಇರುವುದು ಇಲ್ಲಿ. ಪ್ಯಾನಿಕ್ ಆದ ಕೂಡಲೇ ಕೆಡಂಪ್‌ಗೆ ಹಾರಬೇಕು, ನಡುವೆ ಓಡುವ ಪ್ರತಿ ಸಾಲೂ ಕುಸಿದ ನೆಲದ ಮೇಲೆ ಇಡುವ ಹೆಜ್ಜೆ ಅನ್ನುವುದು ಒಂದು ಪಕ್ಷ. ಬೇರೆ ಆಯ್ಕೆ ಮಾಡದಿದ್ದರೆ ಲಿನಕ್ಸ್ ಹೀಗೇ ನಡೆಯುತ್ತದೆ.

ಕ್ಲೌಡ್ ನಡೆಸುವವರ ಅನುಭವ ಬೇರೆ. ವರ್ಚುವಲ್ ಯಂತ್ರ ಕುಸಿದರೆ ಅದು ಕೆಳಗಿನ ಹೈಪರ್‌ವೈಸರಿಗೆ, ಅಂದರೆ ಅಂಥ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರಿಗೆ, ತಿಳಿಯಬೇಕು. ಮೈಕ್ರೋಸಾಫ್ಟ್‌ನ ಹೈಪರ್‌ವೈಸರ್ ಆದ ಹೈಪರ್-ವಿ ಮೇಲೆ ಓಡುವ ಲಿನಕ್ಸ್ ತನ್ನ ಹಳೆಯ ಸಂಪರ್ಕವನ್ನು ಸರಿಯಾಗಿ ಕಡಿದುಕೊಳ್ಳದೆ ಹಾರಿದರೆ ಹೊಸ ಕರ್ನಲ್‌ಗೆ ಡಿಸ್ಕೇ ಸಿಗದಿರಬಹುದು. ಡಂಪ್ ವಿಫಲವಾದರೂ ಕೊನೆಯ ಲಾಗ್ ಆದರೂ ಉಳಿಯಲಿ ಅಂತ ಫರ್ಮ್‌ವೇರ್ ಮೆಮೊರಿಗೆ ಬರೆದಿಡಬೇಕು ಅನ್ನುವವರೂ ಇದ್ದಾರೆ. ಇಂಥ ಕೆಲಸಗಳನ್ನು ಮೊದಲು ಓಡಿಸಲು ಲಿನಕ್ಸ್‌ನಲ್ಲಿ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ನೋಂದಾಯಿಸಿದ ಎಲ್ಲರೂ ಸಾಲಾಗಿ ಓಡುತ್ತಾರೆ, ಬೇಕಾದವರೂ ಬೇಡದವರೂ. ಅವರಲ್ಲಿ ಒಬ್ಬರು ಲಾಕಿಗೆ ಕಾದರೂ ಡಂಪ್ ಹೋಯಿತು. 2022ರಲ್ಲಿ ಈ ಸಾಲನ್ನು ಉದ್ದೇಶಕ್ಕೆ ತಕ್ಕಂತೆ ಬೇರೆ ಬೇರೆ ಪಟ್ಟಿಗಳಾಗಿ ಒಡೆಯುವ ಪ್ರಸ್ತಾವ ಬಂತು, ಉದ್ದನೆಯ ಚರ್ಚೆಯೂ ಆಯಿತು.

ಎರಡು ಕಡೆಯ ಮಾತೂ ತಮ್ಮ ತಮ್ಮ ಜಾಗದಲ್ಲಿ ಸರಿ. ಆದರೂ ತೂಕ ಮೊದಲ ಪಕ್ಷದ ಕಡೆಗೇ ಇದೆ. ಹೈಪರ್‌ವೈಸರಿಗೆ ಹೇಳುವಂಥ ಕೆಲಸ ಡಂಪ್ ಆಗಲಿಕ್ಕೇ ಬೇಕು, ಅದು ಇರಲಿ. ಎಲ್‌ಇಡಿ ಮಿನುಗಿಸುವಂಥ ಕೆಲಸಕ್ಕೆ ಡಂಪನ್ನು ಪಣಕ್ಕಿಡುವುದು ತಪ್ಪು. ಯಾವ ಕೆಲಸ ಲಾಕ್ ಇಲ್ಲದೆ, ಮೆಮೊರಿ ಕೇಳದೆ ಮುಗಿಯುತ್ತದೆ ಅನ್ನುವುದೇ ಅಳತೆಗೋಲಾಗಬೇಕು.

ವೇಗದ ಒತ್ತಡ, ಸೋರುವ ಅಪಾಯ

ಮತ್ತೆ ಆ 2 ಸೆಕೆಂಡಿಗೆ ಬರೋಣ. ಅನೇಕ ಟಿಬಿ ಮೆಮೊರಿ ಇರುವ ಸರ್ವರಿನಲ್ಲಿ ಪೂರ್ತಿ ಡಂಪ್ ಅಂದರೆ ಹಲವು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಅಷ್ಟು ಹೊತ್ತು ಸೇವೆ ಬಂದ್. ಆದ್ದರಿಂದ ಬಳಸದ ಪುಟ, ಸೊನ್ನೆ ತುಂಬಿದ ಪುಟ, ಕ್ಯಾಶ್, ಪ್ರೋಗ್ರಾಂಗಳ ಡೇಟಾ ಎಲ್ಲ ಬಿಟ್ಟು ಕರ್ನಲ್‌ನ ಭಾಗವನ್ನಷ್ಟೇ ಬರೆಯುವುದು ಈಗ ರೂಢಿ. ಸೋಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಪರಂಪರೆಯಲ್ಲಿ ಇನ್ನೊಂದು ದಿಟ್ಟ ಉಪಾಯ ಮಾಡಿದ್ದರು. ನಿಲ್ಲಿಸಿದ ಕೋರ್‌ಗಳನ್ನೇ ಸಹಾಯಕರಾಗಿ ಕರೆದು ಡೇಟಾ ಕುಗ್ಗಿಸಲು ಹಚ್ಚುವುದು. ವೇಗ ಸಿಗುತ್ತದೆ. ಆದರೆ ಕಷ್ಟಪಟ್ಟು ನಿಲ್ಲಿಸಿದವರನ್ನು ಮತ್ತೆ ಓಡಿಸಿ ಅವರ ನಡುವೆ ಹೊಂದಾಣಿಕೆ ಮಾಡುವ ಭಾರ ಮತ್ತೆ ಹೆಗಲೇರುತ್ತದೆ.

ಮನೆಯ ಲ್ಯಾಪ್‌ಟಾಪಿಗೆ 2 ಸೆಕೆಂಡು ಒಳ್ಳೆಯ ಸುದ್ದಿಯೇ. ಅಲ್ಲಿ ಸಿಕ್ಕಿಬಿದ್ದ ಡ್ರೈವರಿನ ಹೆಸರು ಮತ್ತು ಕರ್ನಲ್ ಭಾಗ ಸಾಕು. ಆದರೆ ಥ್ರೆಡ್‌ಗಳ ನಡುವಿನ ಪೈಪೋಟಿಯಿಂದ ಹುಟ್ಟುವ ದೋಷ ತಿಂಗಳಿಗೊಮ್ಮೆ ಮಾತ್ರ ಬರುವಂಥ ಸರ್ವರ್‌ಗಳಲ್ಲಿ ಚಿಕ್ಕ ಡಂಪ್ ಸಾಲದು. ಬೇರೆ ಕೋರ್ ಏನು ಮಾಡುತ್ತಿತ್ತು ಅನ್ನುವುದೇ ಅಲ್ಲಿ ಮೊದಲ ಪ್ರಶ್ನೆ.

ದೊಡ್ಡ ಡಂಪ್‌ಗೆ ಇನ್ನೊಂದು ಮುಖವೂ ಇದೆ. ಮೆಮೊರಿಯಲ್ಲಿ ಇದ್ದದ್ದೆಲ್ಲ ಅದರಲ್ಲಿರುತ್ತದೆ, ಪಾಸ್‌ವರ್ಡ್, ಗುಪ್ತ ಕೀಲಿಗಳೂ ಸೇರಿ. 2023ರಲ್ಲಿ ಸ್ಟಾರ್ಮ್-0558 ಎಂಬ ಗುಂಪು ಮೈಕ್ರೋಸಾಫ್ಟ್‌ನ ಸಹಿ ಕೀಲಿಯೊಂದನ್ನು ಬಳಸಿ ಅಮೆರಿಕದ ಸರ್ಕಾರಿ ಕಚೇರಿಗಳ ಇಮೇಲ್‌ಗೆ ನುಗ್ಗಿತು. ಆ ಕೀಲಿ 2021ರ ಒಂದು ಕ್ರ್ಯಾಶ್ ಡಂಪ್ ಮೂಲಕ ಹೊರಬಿದ್ದಿರಬಹುದು ಅಂತ ಕಂಪನಿ ಆಗ ವಿವರಿಸಿತು. ಡಂಪ್‌ನಿಂದ ಗುಟ್ಟಿನ ಮಾಹಿತಿ ಅಳಿಸುವ ವ್ಯವಸ್ಥೆ ಇದ್ದರೂ ಒಂದು ರೇಸ್ ಕಂಡೀಶನ್‌ನಿಂದ, ಅಂದರೆ ಎರಡು ಕೆಲಸಗಳ ಹೊಂದಾಣಿಕೆ ತಪ್ಪಿದ್ದರಿಂದ, ಕೀಲಿ ಉಳಿದುಬಿಟ್ಟಿತು ಅನ್ನುವುದು ಆ ವಿವರಣೆ. 2024ರ ಮಾರ್ಚ್‌ನಲ್ಲಿ ಅದೇ ಕಂಪನಿ, ಕೀಲಿ ಇರುವ ಅಂಥ ಡಂಪ್ ತಮಗೆ ಸಿಕ್ಕಿಲ್ಲ ಅಂತ ತಿದ್ದಿಕೊಂಡಿತು. ಕೀಲಿ ಹೋದ ದಾರಿ ಏನೇ ಇರಲಿ, ಡಂಪ್ ಫೈಲನ್ನು ಡೇಟಾಬೇಸಿನಷ್ಟೇ ಜೋಪಾನ ಮಾಡಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ.

ಪರೀಕ್ಷೆಯಲ್ಲಿ ಪಾಸಾಗಿ ನಿಜದಲ್ಲಿ ಫೇಲ್

ಸರ್ವರ್ ನೋಡಿಕೊಳ್ಳುವವರಿಗೆ ಇದರಿಂದ ನೇರವಾಗಿ ತಟ್ಟುವ ಸಂಗತಿ ಒಂದಿದೆ. ಡಂಪ್ ಸರಿಯಾಗಿ ಬರುತ್ತದಾ ಅಂತ ನೋಡಲು ಲಿನಕ್ಸ್‌ನಲ್ಲಿ ಸಿಸ್‌ಆರ್‌ಕ್ಯೂ ಎಂಬ ತುರ್ತು ಆಜ್ಞೆಯ ಮೂಲಕ ಬೇಕೆಂದೇ ಪ್ಯಾನಿಕ್ ತರಿಸುತ್ತಾರೆ. ವಿಂಡೋಸ್‌ನಲ್ಲಿ ಸಿಸ್‌ಇಂಟರ್ನಲ್ಸ್‌ನ ನಾಟ್‌ಮೈಫಾಲ್ಟ್ ಎಂಬ ಉಪಕರಣ ಇದೆ. ಡಂಪ್ ಫೈಲ್ ಬಂದರೆ ಎಲ್ಲ ಸರಿ ಅಂತ ಗುರುತು ಹಾಕಿ ಮುಂದೆ ಹೋಗುತ್ತಾರೆ.

ಆದರೆ ಆ ಪರೀಕ್ಷೆಯ ಹೊತ್ತಲ್ಲಿ ಉಳಿದ ಕೋರ್‌ಗಳು ಆರೋಗ್ಯವಾಗಿರುತ್ತವೆ. ಕರೆದ ತಕ್ಷಣ ನಿಲ್ಲುತ್ತವೆ, ಯಾರ ಕೈಯಲ್ಲೂ ಲಾಕ್ ಸಿಕ್ಕಿಕೊಂಡಿರುವುದಿಲ್ಲ. ಅದು ಸುಲಭದ ಪ್ರಶ್ನೆಪತ್ರಿಕೆ. ನಿಜವಾದ ಕುಸಿತದಲ್ಲಿ ಬರುವುದು ಇಂಟರಪ್ಟ್ ಮುಚ್ಚಿಕೊಂಡು ಸುತ್ತುತ್ತಿರುವ ಕೋರ್, ತುಂಬು ಹೊರೆಯಲ್ಲಿರುವ ಡಿಸ್ಕ್, ಒಟ್ಟಿಗೆ ಬೀಳುವ ಎರಡು ಕೋರ್. ಲಿನಕ್ಸ್‌ನಲ್ಲಿ ಇಂಥ ಹಾರ್ಡ್ ಲಾಕಪ್‌ಗಳನ್ನು ಬೇಕೆಂದೇ ಹುಟ್ಟಿಸಲು ಎಲ್‌ಕೆಡಿಟಿಎಂ ಎಂಬ ಮಾಡ್ಯೂಲ್ ಕರ್ನಲ್ ಜೊತೆಗೇ ಬರುತ್ತದೆ. ವಾಚ್‌ಡಾಗ್ (ಸಿಕ್ಕಿಬಿದ್ದ ಕೋರನ್ನು ಪತ್ತೆ ಮಾಡುವ ಕಾವಲು) ಆನ್ ಇಟ್ಟು, ಪರೀಕ್ಷೆಗೆಂದು ಮೀಸಲಿಟ್ಟ ಯಂತ್ರದಲ್ಲಿ, ಪೂರ್ತಿ ಹೊರೆ ಹೇರಿ ಅದನ್ನು ಓಡಿಸಬೇಕು. ಆಗ ಬಂದ ಡಂಪ್ ತೆರೆದು ಎಷ್ಟು ಕೋರ್‌ಗಳ ರಿಜಿಸ್ಟರ್ ನಿಜಕ್ಕೂ ಒಳಗಿವೆ ಅಂತ ಒಂದೊಂದಾಗಿ ಎಣಿಸಬೇಕು.